ಅಣ್ಣುವಿನ ಎಲೆ

ಕೂಸಪ್ಪನಿಗೆ ದೇಶ ಸುತ್ತುವ ಹುಚ್ಚು ಹಿಡಿದದ್ದು ಕುವೈತಿನ ಕೆಲಸ ಬಿಟ್ಟು ಬಂದ ಮೇಲೆ ಎಂದು ಮಟ್ಟು ಊರಿನವರು ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಹುಚ್ಚು ಮೊದಲು ಹಿಡಿದದ್ದು ಅವನ ಹೆಂಡತಿ ರತ್ನಾವತಿಗೆ. ಇಪ್ಪತ್ತಾರು ವರ್ಷ ಗಂಡ ಅಲ್ಲಿ ಜನರೇಟರ್ ಕೋಣೆಯಲ್ಲಿ, ತಾನು ಇಲ್ಲಿ ಗುಳ್ಳ ಬದನೆಯ ಗದ್ದೆಯಲ್ಲಿ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಮಕ್ಕಳಾಗಲಿಲ್ಲ. ಕಿವಿಯ ಚುರುಕನ್ನೆಲ್ಲ ಆ ಕೋಣೆಯ ಸದ್ದಿಗೆ ಕೊಟ್ಟು ಅವನು ಊರಿಗೆ ಬಂದ ವರ್ಷ, "ಇನ್ನು ಎಂತ ಮಾಡುವ?" ಎಂದು ಕೇಳಿದ. "ಎಲ್ಲಿಗಾದರೂ ಹೋಗುವ, ಇಬ್ಬರೂ ಒಟ್ಟಿಗೆ" ಎಂದಳು ಅವಳು.

ಅಂದಿನಿಂದ ಅವರ ವರ್ಷಕ್ಕೊಂದು ಕ್ರಮ ಬಂತು. ಮಳೆ ಹಿಡಿದಾಗ ಭತ್ತದ ನೇಜಿ ನೆಡುವುದು. ಮಳೆ ಬಿಡುತ್ತಿದ್ದಂತೆ ಗುಳ್ಳದ ಬೀಜ ಹಾಕುವುದು. ಡಿಸೆಂಬರಿನಿಂದ ವಾರಕ್ಕೆರಡು ಸಲ ಕೊಯ್ದು, ಮುಳ್ಳಿನ ತೊಟ್ಟು ಕೈಗೆ ತಾಗದ ಹಾಗೆ ಗೋಣಿಗೆ ತುಂಬಿಸಿ ಉಡುಪಿಯ ವ್ಯಾನಿಗೆ ಏರಿಸುವುದು. ಏಪ್ರಿಲ್ ಕೊನೆಗೆ ಗಿಡ ಸೊರಗುವ ಹೊತ್ತಿಗೆ ಇವರು ಬೆನ್ನಿಗೊಂದೊಂದು ಚೀಲ ಏರಿಸಿ ಹೊರಟರೆಂದೇ ಲೆಕ್ಕ. ವಿಯೆಟ್ನಾಮ್, ಕೀನ್ಯಾ, ಜಾರ್ಜಿಯ. ಹೋಟೆಲುಗಳಲ್ಲಿ ಅಲ್ಲ, ದನ ಸಾಕುವವರ, ಜೋಳ ಬೆಳೆಯುವವರ ಮನೆಗಳಲ್ಲಿ ಅವರ ವಾಸ. ಜೂನಿನ ಮೊದಲ ಮಳೆಗೆ ವಾಪಸು.

"ಪಾಸ್‌ಪೋರ್ಟಿನಲ್ಲಿ ಇನ್ನು ಜಾಗ ಉಂಟಾ ರತ್ನಕ್ಕ, ರೇಶನ್ ಕಾರ್ಡಿನಲ್ಲಿ ಸೀಲ್ ಹಾಕಿಸಿಕೊಳ್ಳಿ" ಎಂದು ಆಚೆಮನೆಯ ರೋಸಿ ನಗೆಯಾಡುತ್ತಿದ್ದಳು.

ಅವರು ಇಲ್ಲದ ಆ ಒಂದೂವರೆ ತಿಂಗಳು ಮನೆ, ಗದ್ದೆ, ದೇವರ ದೀಪ ಎಲ್ಲ ಅಣ್ಣುವಿನ ಮೇಲೆ. ಕೂಸಪ್ಪನಿಗಿಂತ ಎಂಟು ವರ್ಷ ದೊಡ್ಡ ಅಣ್ಣ. ಬೇಲಿಯಾಚೆಗೆ ಅವನ ಮನೆ. ಅವನೂ ಅವನ ಹೆಂಡತಿ ಅಪ್ಪಿಯೂ ಬೆಂಗಳೂರನ್ನೇ ನೋಡಿದವರಲ್ಲ. ತಮ್ಮ ಹೊರಟಾಗಲೆಲ್ಲ ಅಣ್ಣು ಹೇಳುವುದು ಒಂದೇ ಮಾತು: "ಹೋಗಿ ಬನ್ನಿ ಮಾರಾಯ. ಗದ್ದೆ ನಡೆದುಕೊಂಡು ಎಲ್ಲಿಗೂ ಹೋಗುವುದಿಲ್ಲ."

ಈ ವರ್ಷ ಕಿರ್ಗಿಸ್ತಾನಕ್ಕೆ ಹೋಗಿದ್ದರು. ಅಲ್ಲಿ ಒಂದು ಕಣಿವೆಮಾರ್ಗವನ್ನು ಕುದುರೆಯ ಮೇಲೆ ದಾಟಿದರೆ ಎತ್ತರದಲ್ಲೊಂದು ಸರೋವರ. ಹಿಮ ಕರಗಿ ದಾರಿ ತೆರೆಯುವುದೇ ಮೇ ಕೊನೆಗೆ. ಅದರ ಚಿತ್ರವನ್ನು ರತ್ನಾವತಿ ಮೂರು ವರ್ಷದಿಂದ ಫೋನಿನಲ್ಲಿ ಇಟ್ಟುಕೊಂಡಿದ್ದಳು. ಏರುವ ಹಿಂದಿನ ಸಂಜೆ, ಇನ್ನು ಎಂಟು ದಿನ ನೆಟ್‌ವರ್ಕ್ ಇಲ್ಲವೆಂದು, ಕೂಸಪ್ಪ ಅಣ್ಣನಿಗೆ ಕರೆ ಮಾಡಿ ಸ್ಪೀಕರ್ ಹಾಕಿದ.

"ಗದ್ದೆಯಲ್ಲಿದ್ದೇನೆ. ಹಳೆ ಗಿಡ ಕೀಳುತ್ತಾ ಇದ್ದೇವೆ" ಎಂದಿತು ಅಣ್ಣುವಿನ ದನಿ. ಸ್ವಲ್ಪ ಸೋತ ದನಿ. ಅದರ ಹಿಂದೆ ಇನ್ನೊಂದು ದನಿ ಕೇಳಿತು, ಹೆಂಗಸಿನದು, ಮೈಕಿನಲ್ಲಿ: ವಾರ್ಡ್ ನಂಬರ್ ಇಷ್ಟರ ಕಡೆಯವರು ಔಷಧಿ ಕೌಂಟರಿಗೆ ಬನ್ನಿ. ಮಟ್ಟುವಿನ ಯಾವ ಗದ್ದೆಯಲ್ಲೂ ಅಂಥ ದನಿ ಇಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ತನ್ನ ತಾಯಿಯ ಜೊತೆ ಹನ್ನೊಂದು ದಿನ ಕಳೆದ ರತ್ನಾವತಿಗೆ ಅದು ಎಂಥದೆಂದು ಕೂಡಲೇ ಗೊತ್ತಾಯಿತು. ಕೂಸಪ್ಪನಿಗೆ ಕೇಳಲಿಲ್ಲ. "ಬಿಸಿಲಿಗೆ ಜಾಸ್ತಿ ನಿಲ್ಲಬೇಡ" ಎಂದು ಹೇಳಿ ಫೋನಿಟ್ಟ.

ಅವಳು ಗಂಡನಿಗೆ ಹೇಳಲಿಲ್ಲ. ಜ್ವರವಿರಬಹುದು, ಯಾರನ್ನೋ ನೋಡಲು ಹೋಗಿರಬಹುದು. ಅಂಗಳದಲ್ಲಿ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದರು. ಕೆಳಗಿಳಿದು ಬಂದು ಕೇಳಿದರಾಯಿತು ಎಂದುಕೊಂಡಳು.

ಎಂಟನೆಯ ದಿನ ಕೆಳಗಿಳಿದು ಬಂದಾಗ ಅಣ್ಣುವಿನ ಮಗ ಪ್ರವೀಣನ ಸಂದೇಶಗಳು ಒಂದರ ಹಿಂದೆ ಒಂದು ಬಂದು ಬಿದ್ದವು. ಅಣ್ಣು ಹೋಗಿ ನಾಲ್ಕು ದಿನವಾಗಿತ್ತು. ಹೃದಯದ ತೊಂದರೆ. ತಮ್ಮನಿಗೆ ಹೇಳಬಾರದೆಂದು ಅವನೇ ಎಲ್ಲರ ಬಾಯಿ ಕಟ್ಟಿದ್ದನಂತೆ. ಇವರು ಉತ್ತರಕ್ರಿಯೆಗೆ, ಬೊಜ್ಜದ ದಿನಕ್ಕೆ ಮುಟ್ಟಿದರು, ಮುಖ ನೋಡಲು ಮುಟ್ಟಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಎರಡೂ ಮನೆಯ ಗದ್ದೆಯನ್ನು ಕೂಸಪ್ಪನೇ ಮಾಡಿಸಿದ. ಅಪ್ಪಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ಮಾತೆತ್ತುತ್ತಿರಲಿಲ್ಲ. ರತ್ನಾವತಿ ಎದುರು ಬಂದರೆ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಇತ್ತ ಕೂಸಪ್ಪ ಕೆಲವೊಮ್ಮೆ ಊಟದ ನಡುವೆ ಕೈ ನಿಲ್ಲಿಸಿ, "ಒಂದು ಸೂಚನೆಯಾದರೂ ಕೊಡಬಹುದಿತ್ತು ಅಣ್ಣ. ಅಲ್ವಾ?" ಎನ್ನುತ್ತಿದ್ದ. ಅವಳು ಅವನ ಬಟ್ಟಲಿಗೆ ಇನ್ನಷ್ಟು ಸಾರು ಹಾಕುತ್ತಿದ್ದಳು. ಹೇಳದೆ ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು.

ಜುಲೈ ನಡುವಿಗೆ ತುಳುವರ ಆಟಿ ತಿಂಗಳು ಬಂತು. ತೀರಿಹೋದವರಿಗೆ ಆಟಿಯಲ್ಲಿ ಬಡಿಸುವ ಕ್ರಮ ಉಂಟು. ಕೋಣೆಯೊಳಗೆ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದುದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಮನೆಯವರು ಹೊರಗೆ ಕಾದು ಕೂರುವುದು, ಅವರು ಉಂಡಾದ ಮೇಲೆ ತಟ್ಟಿ ತೆರೆಯುವುದು. ಈ ಸಲ ತಂದೆತಾಯಿಯ ಎಲೆಗಳ ಪಕ್ಕದಲ್ಲಿ ಅಣ್ಣುವಿನ ಎಲೆ. ಬಡಿಸಬೇಕಾದವರು ಪ್ರವೀಣ ಮತ್ತು ಕೂಸಪ್ಪ.

ಆ ದಿನ ಮಧ್ಯಾಹ್ನವೇ ರತ್ನಾವತಿ ಬೇಲಿ ದಾಟಿ ಅಪ್ಪಿಯ ಅಡಿಗೆಮನೆಗೆ ಹೋದಳು. ಅಪ್ಪಿ ಕೋಳಿ ಸಾರಿಗೆ ಮೆಣಸು ಹುರಿಯುತ್ತಿದ್ದಳು. ರತ್ನಾವತಿ ಕೇಳದೆಯೇ ತುರಿಮಣೆ ಎಳೆದುಕೊಂಡು ತೆಂಗಿನಕಾಯಿಗೆ ಕೂತಳು. ಎರಡು ಕಡಿ ತುರಿದಾಯಿತು. ಹೊರಗೆ ಮಳೆ ಒಮ್ಮೆ ಬಂದು ಹೋಯಿತು.

"ಅಕ್ಕಾ" ಎಂದಳು. "ಭಾವ ಗದ್ದೆಯಲ್ಲಿದ್ದೇನೆ ಹೇಳಿದ ದಿನ ನನಗೆ ಆಸ್ಪತ್ರೆಯ ಮೈಕ್ ಕೇಳಿತ್ತು."

ಅಪ್ಪಿ ಬಾಣಲೆಯಲ್ಲಿ ಸಟ್ಟುಗ ಆಡಿಸುವುದನ್ನು ನಿಲ್ಲಿಸಲಿಲ್ಲ.

"ಇವರಿಗೆ ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಮರುದಿನ ಮೇಲೆ ಹೋಗುವುದಿತ್ತು."

"ಗೊತ್ತುಂಟು" ಎಂದಳು ಅಪ್ಪಿ.

"ಯಾರು ಹೇಳಿದ್ದು?"

"ಅವರೇ. ಫೋನ್ ಇಟ್ಟವರು ನಕ್ಕರು. ಕೂಸನಿಗೆ ಕೇಳುವುದಿಲ್ಲ, ರತ್ನಳಿಗೆ ಕೇಳಿರುತ್ತದೆ ಮಾರಾಯ್ತಿ, ಅವಳ ಕಿವಿ ಚುರುಕು, ಹೇಳಿದರು." ಅಪ್ಪಿ ಬಾಣಲೆ ಇಳಿಸಿ ಬೆಂಕಿ ತಗ್ಗಿಸಿದಳು. "ಹೇಳಬೇಡಿ ಅಂತ ನಮಗೆ ಆಣೆ ಹಾಕಿದವರೇ, ಆಮೇಲೆ ಬಾಗಿಲಿನ ಕಡೆ ತಿರುಗಿಯೇ ಮಲಗಿದ್ದು. ನರ್ಸು ಬಂದರೂ ತಲೆ ಎತ್ತಿ ನೋಡುವುದು. ನಾಲ್ಕು ದಿನ."

ರತ್ನಾವತಿ ಕಾಯಿಯ ಕಡಿಯನ್ನು ಕೆಳಗಿಟ್ಟಳು. ಅಳು ಬಂದಿದ್ದರೆ ಸುಲಭವಿತ್ತು, ಬರಲಿಲ್ಲ.

"ಎರಡು ತಿಂಗಳಿಂದ ಗೊತ್ತಿದ್ದೂ ನೀವು..."

"ನೀನಾಗಿ ಹೇಳುತ್ತೀಯೋ ಇಲ್ಲವೋ ಅಂತ ನೋಡಿದೆ. ಇವತ್ತೂ ಹೇಳದಿದ್ದರೆ ನಾನು ಸಾಯುವವರೆಗೆ ಕೇಳುತ್ತಿರಲಿಲ್ಲ. ಮಾತನ್ನೂ ಆಡುತ್ತಿರಲಿಲ್ಲ." ಅಪ್ಪಿ ಮಸಾಲೆಯ ಪಾತ್ರೆಗೆ ಕಾಯಿತುರಿಯನ್ನು ಬಳಿದು ಹಾಕಿಕೊಂಡಳು. "ಈಗ ಅವನಿಗೆ ಹೇಳು. ಒಳಗೆ ಹೋಗಿ ಬಡಿಸುವ ಮೊದಲೇ ಹೇಳಬೇಕು. ಅಣ್ಣನ ಎಲೆಯ ಮುಂದೆ ಅವನೊಬ್ಬ ಏನೂ ತಿಳಿಯದವನ ಹಾಗೆ ಕೂರುವುದು ಬೇಡ."

"ಇವತ್ತೇ ಹೇಗೆ ಹೇಳುವುದು ಅಕ್ಕಾ?"

"ನನ್ನ ಹತ್ತಿರ ಹೇಗೆ ಹೇಳಿದೆ, ಹಾಗೆಯೇ."

ಕೂಸಪ್ಪ ಬಾವಿಕಟ್ಟೆಯ ಹತ್ತಿರ ಸ್ನಾನ ಮುಗಿಸಿ ಒದ್ದೆ ಬೈರಾಸು ಸುತ್ತಿಕೊಂಡು ನಿಂತಿದ್ದ. ಅವಳು ಅವನ ಬಲಕ್ಕೆ ಹೋಗಿ ನಿಂತಳು, ಆ ಕಿವಿ ಸ್ವಲ್ಪ ವಾಸಿ. ಎರಡು ಮಾತಿನಲ್ಲಿ ಮುಗಿಯಿತು. ಹೇಳಲು ಅಷ್ಟು ಸಾಕಾಗುತ್ತದೆಂದು ಅವಳಿಗೆ ಇಷ್ಟು ದಿನ ಅನಿಸಿರಲಿಲ್ಲ.

ಅವನು ಕೊಡಪಾನವನ್ನು ಕಟ್ಟೆಯ ಮೇಲೆ ಕವುಚಿಟ್ಟ. ಆಮೇಲೆ ಕೇಳಿದ್ದು ಯಾರೂ ಕೇಳದ ಪ್ರಶ್ನೆ.

"ಫೋನ್ ಎಲ್ಲಿತ್ತು ಆಗ? ಮೇಜಿನ ಮೇಲಾ, ನನ್ನ ಕೈಯಲ್ಲಾ?"

"ನಿಮ್ಮ ಕೈಯಲ್ಲಿ."

"ನನ್ನ ಕೈಯಲ್ಲಿ" ಎಂದ. "ಮರುದಿನ ಹೊರಟಿದ್ದರೆ ಮುಟ್ಟುತ್ತಿದ್ದೆವಾ?"

"ಮುಟ್ಟುತ್ತಿದ್ದೆವು."

"ಆ ದಿನ ಕುದುರೆಯ ಮೇಲೆ ನೀನು ನಕ್ಕಿದ್ದೆ. ಫೋಟೋ ತೆಗೆದಿದ್ದೇನೆ."

"ನಕ್ಕಿದ್ದೆ" ಎಂದಳು. ಸರೋವರ ಕಂಡಾಗ ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆ ಮೈಕಿನ ದನಿ ಮಧ್ಯಾಹ್ನದವರೆಗೆ ನೆನಪಾಗಿರಲಿಲ್ಲ. ಅವಳನ್ನು ಸುಡುತ್ತಿದ್ದುದು ಅದೇ.

ಅವನು ಬೇಲಿ ದಾಟಿ ಅಣ್ಣನ ಮನೆಗೆ ಹೋದ.

ಮುಸ್ಸಂಜೆಗೆ ಕೋಣೆಯಲ್ಲಿ ದೀಪ ಇಟ್ಟರು. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ನೀರುದೋಸೆ, ಒಣ ಸಿಗಡಿ ಚಟ್ನಿ. ಅಣ್ಣುವಿನ ಎಲೆಯ ತುದಿಗೆ ಒಂದು ಕಟ್ಟು ಬೀಡಿ. ಪ್ರವೀಣ ಬಡಿಸಿ ಹೊರಗೆ ಬಂದ. ಕೂಸಪ್ಪ ಬರಲಿಲ್ಲ. ಹೊರಗೆ ನಿಂತವರಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಎಲೆಯ ಮುಂದೆ ಕುಕ್ಕರಗಾಲಿನಲ್ಲಿ. ಎಂತದೋ ಹೇಳುತ್ತಿದ್ದ, ತುಳುವಿನಲ್ಲಿ, ಕಿವಿ ಮಂದವಾದವರ ಹಾಗೆ ಗಟ್ಟಿಯಾಗಿ ಅಲ್ಲ, ತೀರ ಸಣ್ಣಕ್ಕೆ. ಈ ಸಲ ರತ್ನಾವತಿಗೂ ಒಂದು ಮಾತೂ ತಿಳಿಯಲಿಲ್ಲ.

ಅವಳು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಒಳಗೆ ಕರೆಯುತ್ತಾರೆಂಬ ಆಸೆ ಇರಲಿಲ್ಲ. ಕರೆಯದಿದ್ದರೆ ಮುಂದೆ ಈ ಮನುಷ್ಯನ ಜೊತೆ ಒಂದೇ ಚಾವಡಿಯಲ್ಲಿ ಹೇಗೆ ಇರುವುದು ಎಂಬುದೂ ಗೊತ್ತಿರಲಿಲ್ಲ.

ಕೂಸಪ್ಪ ಎದ್ದು ಬಾಗಿಲಿಗೆ ಬಂದ. ಕೈಯಲ್ಲಿ ನೀರಿನ ಲೋಟ.

"ರತ್ನಾ, ನೀರು ನೀನು ಇಡು" ಎಂದ. ಅವಳು ಕದಲದ್ದು ನೋಡಿ ಸೇರಿಸಿದ: "ನಾನು ಸಿಟ್ಟು ಬಿಟ್ಟಿದ್ದೇನೆ ಅಂತ ತಿಳಿಯಬೇಡ. ಅದು ಬೇರೆ. ಇದು ಅಣ್ಣನಿಗೆ."

ಅವಳು ಒಳಗೆ ಹೋಗಿ ಲೋಟವನ್ನು ಎಲೆಯ ಬಲಕ್ಕೆ ಇಟ್ಟಳು. ಸ್ವಲ್ಪ ನೀರು ಬೀಡಿಯ ಕಟ್ಟಿನ ಮೇಲೆ ಚೆಲ್ಲಿತು. ಸೆರಗಿನಿಂದ ಒರೆಸಿದಳು. "ಭಾವ, ನನಗೆ ಕೇಳಿತ್ತು" ಎಂದಳು. ಇನ್ನೂ ಹೇಳಬೇಕೆಂದಿದ್ದಳು, ಅಷ್ಟೇ ಬಂತು.

ಬಾಗಿಲು ಮುಚ್ಚಿದರು. ಜಗಲಿಯ ಮೇಲೆ ಕೂಸಪ್ಪ ಒಂದು ಕಡೆ, ರತ್ನಾವತಿ ಇನ್ನೊಂದು ಕಡೆ ಕೂತರು. ನಡುವೆ ಇಬ್ಬರು ಕೂರುವಷ್ಟು ಜಾಗ. ಅಪ್ಪಿ ಬಂದು ಆ ಜಾಗದಲ್ಲಿ ಕಾಲು ಚಾಚಿ ಕೂತು, "ಸ್ವಲ್ಪ ಸರಿ ರತ್ನಾ, ಸೊಂಟ ನೋಯುತ್ತದೆ" ಎಂದು ಕಂಬಕ್ಕೆ ಒರಗಿದಳು. ಎರಡು ತಿಂಗಳಲ್ಲಿ ಅವಳು ತಾನಾಗಿ ಆಡಿದ ಮೊದಲ ಬಿಡಿ ಮಾತು ಅದು.

ಹನಿ ಮಳೆ ಶುರುವಾಯಿತು. ಗದ್ದೆಯ ಕಡೆಯಿಂದ ಕಪ್ಪೆಗಳ ಸದ್ದು. ಪ್ರವೀಣ ಎರಡು ಸಲ ಬಾಗಿಲನ್ನೂ ಚಿಕ್ಕಪ್ಪನ ಮುಖವನ್ನೂ ನೋಡಿದ. ಬೆಳಗ್ಗೆ ಅವನಿಗೆ ಮಣಿಪಾಲದಲ್ಲಿ ಡ್ಯೂಟಿ.

"ಚಿಕ್ಕಪ್ಪ, ಬಾಗಿಲು ತಟ್ಟುವುದಾ? ತುಂಬ ಹೊತ್ತಾಯಿತು."

"ಇರಲಿ" ಎಂದ ಕೂಸಪ್ಪ. "ಅವನು ನಿಧಾನ ಉಣ್ಣುವವನು. ನಮಗೆ ಈಗ ಎಲ್ಲಿಗೆ ಹೋಗಲಿಕ್ಕೆ ಉಂಟು."