ಬಂಗಾರದ ಕಾಗದ ಸುತ್ತಿಕೊಂಡ ಇಸ್ತ್ರಿ ಪೆಟ್ಟಿಗೆ

ನಾನು ಒಂದು ಇಸ್ತ್ರಿ ಪೆಟ್ಟಿಗೆ. ಕಾರ್ಖಾನೆಯಲ್ಲಿ ನನ್ನ ತಳವನ್ನು ಕನ್ನಡಿಯಂತೆ ಉಜ್ಜಿ, ಕರಿಯ ಹಿಡಿಕೆ ತೊಡಿಸಿ, ಕಾಯುತ್ತೇನೋ ಇಲ್ಲವೋ ಎಂದು ಒಮ್ಮೆ ನೋಡಿ ಲೋಕಕ್ಕೆ ಬಿಟ್ಟರು. ಗದಗಿನ ಅಂಗಡಿಯಿಂದ ನನ್ನನ್ನು ಮನೆಗೆ ತಂದವರು ನಿವೃತ್ತ ಶಿಕ್ಷಕಿ ಪ್ರಮೋದಿನಿ ಬಾಯಿ. ಚರ್ಚಿನ ಸಭೆಯಲ್ಲಿ ಮುಂದಿನ ಬೆಂಚು ಅವರದು. ಭಾನುವಾರ ಅವರು ಉಡುವ ಸೀರೆಯ ನೆರಿಗೆಗಳನ್ನೆಲ್ಲ ಆರು ವರ್ಷ ನಾನೇ ತಿದ್ದಿ ತೀಡಿದೆ.

ಒಂದು ದಿನ ಮೇಜಿನಿಂದ ಬಿದ್ದೆ. ಹಿಡಿಕೆ ಸೀಳಿತು, ವಯರಿನ ಬುಡ ಸವೆಯಿತು. ಮರುದಿನ ಬಾಯಿಯವರು ನನ್ನನ್ನು ಮುಟ್ಟಿ ಚೀರಿದರು. ಅಂದಿನಿಂದ ಅಟ್ಟವೇ ನನಗೆ ಗತಿಯಾಯಿತು.

ಕ್ರಿಸ್ಮಸ್ ಹತ್ತಿರ ಬಂತು. ಬಡವರಿಗೆ ಕಾಣಿಕೆ ಕೊಡಬೇಕೆಂದು ಸಭಾಪಾಲಕರು ಸಾರಿದ್ದರು. ಬಾಯಿಯವರು ನನ್ನನ್ನು ಕೆಳಗಿಳಿಸಿ ಧೂಳು ಒರೆಸಿದರು.

“ಅದು ಶಾಕ್ ಹೊಡೀತದಲ್ಲ?” ಎಂದರು ಅವರ ಯಜಮಾನರು ಜಯಶೀಲರು.

“ಹೊರಗಿಂದ ಛಂದ ಅದ ಬಿಡ್ರಿ. ಇಲ್ಲದವ್ರಿಗೆ ಇಷ್ಟು ಸಿಕ್ಕದ್ದ ದೊಡ್ಡದು.”

ಬಂಗಾರದ ಬಣ್ಣದ ಕಾಗದದಲ್ಲಿ ನನ್ನನ್ನು ಸುತ್ತಿ, ಮೇಲೊಂದು ಕೆಂಪು ರಿಬ್ಬನ್ ಕಟ್ಟಿದರು. ಇಷ್ಟು ಅಂದವಾಗಿ ನಾನು ಎಂದೂ ಇರಲಿಲ್ಲ. ಇಷ್ಟು ಹೇಸಿಗೆಯೂ ನನಗೆ ಎಂದೂ ಆಗಿರಲಿಲ್ಲ.

ಹಬ್ಬದ ಹಿಂದಿನ ದಿನ, ಚರ್ಚಿನ ಕಸ ಹೊಡೆಯುವ ವಿಧವೆ ರೂತವ್ವನ ಕೈಗೆ ನನ್ನನ್ನು ಕೊಟ್ಟರು. ಫೋಟೋ ಸರಿಯಾಗಿ ಬರಲಿಲ್ಲವೆಂದು ನನ್ನನ್ನು ಕಸಿದುಕೊಂಡು ಮತ್ತೊಮ್ಮೆ ಕೊಟ್ಟರು. ರೂತವ್ವ ಎರಡು ಸಲವೂ ಕೈಮುಗಿದಳು. ನನ್ನ ಮೈಯೆಲ್ಲ ಉರಿಯಿತು. ನಾನು ಕಾದಿರಲಿಲ್ಲ, ಆದರೂ ಉರಿಯಿತು.

ಹಬ್ಬದ ಮುಂಜಾನೆ ರೂತವ್ವನ ಮಗಳು ಸಲೋಮಿ, ಹಾಡಿನ ತಂಡದಲ್ಲಿ ತೊಡುವ ಬಿಳಿ ಫ್ರಾಕನ್ನು ಹಾಸಿಕೊಂಡು ಕುಳಿತಳು. ಸೆಗಣಿ ಸಾರಿಸಿದ ನೆಲ ಇನ್ನೂ ಹಸಿ. ಅವಳದು ಬರಿಗಾಲು. ‘ಮುಟ್ಟಬೇಡ ಮಗಳೇ’ ಎನ್ನಲು ನನಗೆ ಬಾಯಿ ಎಲ್ಲಿದೆ? ಪ್ಲಗ್ ಚುಚ್ಚಿ ಹಿಡಿಕೆ ಹಿಡಿದದ್ದೇ ತಡ, ಹುಡುಗಿ ಸೆಟೆದುಕೊಂಡಳು. ರೂತವ್ವ ಒಲೆಯ ಕಟ್ಟಿಗೆಯಿಂದ ನನ್ನನ್ನು ಹೊಡೆದು ದೂರ ಕೆಡವಿದಳು. ಸಲೋಮಿ ಉಳಿದಳು. ಅಂಗೈ ಮಾತ್ರ ಸುಟ್ಟು ಬೊಬ್ಬೆ ಎದ್ದಿತು. ಅಂದು ಅವಳು ಹಾಡಲು ಹೋಗಲಿಲ್ಲ.

ಮಧ್ಯಾಹ್ನ ರೂತವ್ವ ನನ್ನನ್ನು ಸೆರಗಿನಲ್ಲಿ ಹಿಡಿದು ಬಾಯಿಯವರ ಮನೆಗೆ ನಡೆದಳು. ಅಲ್ಲಿ ಬಂಧುಬಳಗ ಕೇಕು, ಕರ್ಚಿಕಾಯಿ ತಿನ್ನುತ್ತಿತ್ತು.

“ಬಾಯಾರ, ಇದು ಶಾಕ್ ಹೊಡಿತೈತಿ ಅಂತ ನಿಮಗ ಗೊತ್ತಿತ್ತೇನ್ರಿ?”

ಜಯಶೀಲರು ತಟ್ಟೆ ನೋಡುತ್ತ ಕುಳಿತರು. ಬಾಯಿಯವರು ಮುಖ ಸಿಂಡರಿಸಿದರು. “ಹಬ್ಬದ ದಿನಾ ಏನಿದು ರಗಳೆ? ಬ್ಯಾಡಾದ್ರ ಅಲ್ಲಿಟ್ಟು ಹೋಗು. ವಾಚ್‌ಮನ್ ಹೆಂಡ್ತಿ ಗಂಗವ್ವ ಒಂದು ಇಸ್ತ್ರಿ ಕೇಳಾಕತ್ತಿದ್ಲು, ಆಕಿಗೆ ಕೊಡ್ತೀನಿ.”

ನನ್ನನ್ನು ಕೆಳಗಿಡಲು ಬಗ್ಗಿದ್ದ ರೂತವ್ವ ಹಾಗೆಯೇ ನಿಂತಳು. ಮಗಳ ಬೊಬ್ಬೆ ನೋಡಿದಾಗಲೂ ಅವಳ ಮುಖದಲ್ಲಿ ಇಷ್ಟು ಅಸಹ್ಯ ಕಂಡಿರಲಿಲ್ಲ.

“ದೇವ್ರು ತನ್ನ ಮನಿಯಾಗ ಬ್ಯಾಡಾದದ್ದನ್ನ ನಮಗ ಕೊಡ್ಲಿಲ್ರಿ ಬಾಯಾರ. ತನಗಿದ್ದೊಬ್ಬ ಮಗನ್ನ ಕೊಟ್ಟ.”

ಹಾಗೆಂದವಳೇ ಕೇಕಿನ ಬಳಿಯಿದ್ದ ಚಾಕು ತೆಗೆದುಕೊಂಡು ನನ್ನ ವಯರಿನ ಮೇಲೆ ಆಡಿಸಿದಳು. ಸವೆದ ವಯರು, ಎರಡೇ ಎಳೆತಕ್ಕೆ ತುಂಡಾಯಿತು. ಚಾಕುವನ್ನು ಸೆರಗಿಗೆ ಒರೆಸಿ, ಇದ್ದಲ್ಲೇ ಇಟ್ಟು, ನನ್ನನ್ನು ಎತ್ತಿಕೊಂಡು ಹೊರಬಿದ್ದಳು. “ಹಬ್ಬ ಕೆಡಿಸಿದ್ಲು” ಎಂಬ ಮಾತು ಬೆನ್ನ ಹಿಂದೆ ಕೇಳಿಸಿತು.

ಈಗ ನಾನು ಬೆಟಗೇರಿಯ ಗುಜರಿಯಲ್ಲಿ, ಮುರಿದ ಸ್ಟೂಲಿನ ಕೆಳಗೆ ತುಕ್ಕು ಹಿಡಿಯುತ್ತಿದ್ದೇನೆ. ಈ ತುಕ್ಕಿನ ಬಗ್ಗೆ ನನಗೆ ಬೇಸರವಿಲ್ಲ; ಬಂಗಾರದ ಆ ಕಾಗದ ನೆನೆದರೆ ಇಂದಿಗೂ ಹೇಸಿಗೆಯಿಂದ ಮೈ ಜುಮ್ಮೆನ್ನುತ್ತದೆ. ಗಂಗವ್ವ ಆಗಾಗ ಈ ದಾರಿಯಲ್ಲಿ ಸಂತೆಗೆ ಹೋಗುತ್ತಾಳೆ, ಎರಡೂ ಕೈಯಲ್ಲಿ ಚೀಲ ಹಿಡಿದು. ಆ ಕ್ರಿಸ್ಮಸ್ಸಿಗೆ ತನಗೊಂದು ಕಾಣಿಕೆ ಸಿಕ್ಕಿತೆಂದು ಅವಳಿಗೆ ಗೊತ್ತಿಲ್ಲ. ರೂತವ್ವ ಹೇಳಿಯೂ ಇಲ್ಲ.