ನೋಡಬಹುದೋ, ನೋಡಬಾರದೋ

ಸವಣೂರಿನ ಖಾರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನುಜಹತಳಿಗೂ ಶರಣುವಿಗೂ ಬೆಳಿಗ್ಗೆಯಿಂದ ಜಟಾಪಟಿ. ಆಸ್ತಿಯ ಜಗಳವಲ್ಲ, ಕಂಪ್ಯೂಟರ್ ಕೋಡಿನ ಒಂದು ಫಂಕ್ಷನ್ನಿನ ಜಗಳ. ಹಾನಗಲ್, ಶಿಗ್ಗಾಂವಿಯ ವ್ಯಾಪಾರಿಗಳು ಸವಣೂರಿನ ತೋಟದವರಿಂದ ವೀಳ್ಯದೆಲೆ ಕೊಳ್ಳಲೆಂದು ಇಬ್ಬರೂ ಸೇರಿ ವೆಬ್‌ಸೈಟ್ ಕಟ್ಟುತ್ತಿದ್ದರು. ಅದರಲ್ಲಿ ಯಾರ ದರವನ್ನು ಯಾರು ನೋಡಬಹುದು ಎಂಬುದೇ ತಂಟೆ.

ಬಂದವನು ಬೆಳೆಗಾರನೋ ವ್ಯಾಪಾರಿಯೋ ಎಂದು ವಿಚಾರಿಸಲು ಶರಣು ಪ್ರತಿ ಪುಟದ ಬಾಗಿಲಲ್ಲೂ ಒಂದೊಂದು ಕಾವಲು ಹಾಕಿದ್ದ. ಅಷ್ಟು ಕಾವಲುಗಾರರಲ್ಲಿ ಒಬ್ಬ ತೂಕಡಿಸಿದರೂ ಮುಗಿಯಿತಲ್ಲ! ಅದಕ್ಕೇ ನುಜಹತ ಎಲ್ಲ ಪುಟಕ್ಕೂ ಸೇರಿ 'ನೋಡಬಹುದೇ' ಎಂಬ ಒಂದೇ ಜೆನೆರಿಕ್ ಫಂಕ್ಷನ್ ಬರೆದಿದ್ದಳು. ಕೇಳುವವರು ಯಾರು, ಕೇಳುತ್ತಿರುವುದು ಏನು, ಎರಡನ್ನೂ ನೋಡಿ ಆ ಜೋಡಿಗೆ ತಕ್ಕ ನಿಯಮವನ್ನು ಅದೇ ಆರಿಸಿಕೊಳ್ಳುತ್ತದೆ. ನಿಯಮ ಸಿಗದಿದ್ದರೆ 'ಇಲ್ಲ' ಎನ್ನುತ್ತದೆ.

"ನಾಳೆ ಏನರ ತಪ್ಪಾದ್ರ ಯಾವ ನಿಯಮ ಉತ್ತರ ಕೊಟ್ತು ಅಂತ ಹುಡಕೂದ್ರಾಗ ಹೈರಾಣ ಆಗ್ತೇವಿ," ಎಂದ ಶರಣು. ಅದೂ ಸುಳ್ಳಲ್ಲ. ಕಡೆಗೆ ಹೀಗೆ ತೀರ್ಮಾನವಾಯಿತು: ಮಧ್ಯಾಹ್ನ ಬಿಬಿಜಾನ ಬಂದು ನೋಡಿ ಒಪ್ಪಿದರೆ ನುಜಹತಳದ್ದು ಉಳಿಯುವುದು, ಇಲ್ಲವಾದರೆ ಅಳಿಸಿಹಾಕುವುದು. ತಿಂಗಳುಗಟ್ಟಲೆ ಅದನ್ನೇ ಧ್ಯಾನಿಸಿದ ನುಜಹತ ರೊಟ್ಟಿ ಬಿಟ್ಟು ಮೆಟ್ಟಿಲ ಕಡೆಗೇ ನೋಡುತ್ತ ಕುಳಿತಳು.

ಬಿಬಿಜಾನ ಎಂದರೆ ಎಲೆತೋಟದವರ ಸಂಘದ ಅಧ್ಯಕ್ಷೆ. ಮೂರು ತೋಟ, ನೂರು ಮಾತು. ಬಂದವರೇ ತಮ್ಮ ಫೋನಿನಿಂದ ಹಾನಗಲ್ಲಿನ ವ್ಯಾಪಾರಿ ಪರಮೇಶ್ವರಪ್ಪನೊಬ್ಬನಿಗೇ ಕಾಣುವಂತೆ ದರ ಹಾಕಿದರು. ಕಾಣಿಸಿತು ಎಂದು ಅವನೇ ಫೋನ್ ಮಾಡಿ ಹೇಳಿದ. ಶರಣು ಬೇರೊಬ್ಬ ವ್ಯಾಪಾರಿಯ ಹೆಸರಿನಲ್ಲಿ ಒಳಹೊಕ್ಕ. ಅವನಿಗೆ ಸಿಕ್ಕಿದ್ದು 'ಅನುಮತಿ ಇಲ್ಲ'. ಬಿಬಿಜಾನರ ಮುಖ ಅರಳಿತು. ಅಷ್ಟರಲ್ಲಿ ಅವರ ಕಣ್ಣು ನುಜಹತಳ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಅಲ್ಲಿ ಅವರ ದರ ದಪ್ಪಕ್ಷರದಲ್ಲಿ ಕುಳಿತಿತ್ತು.

ಸೈಟು ಕಟ್ಟಿದವರು ಎಲ್ಲವನ್ನೂ ನೋಡಬಹುದು ಎಂದು ನುಜಹತ ಮೊದಲ ದಿನವೇ ಒಂದು ನಿಯಮ ಬರೆದುಬಿಟ್ಟಿದ್ದಳು. ಎಲ್ಲ ಕಡೆ ಹಾಗೇ ಮಾಡುತ್ತಾರೆ, ಅದರಲ್ಲೇನು ತಪ್ಪು ಎಂದುಕೊಂಡಿದ್ದಳು ಪಾಪ.

ಬಿಬಿಜಾನರ ವ್ಯಾಪಾರವೆಲ್ಲ ವಸ್ತ್ರದ ಕೆಳಗೆ ನಡೆಯುವಂಥದು. ಕೊಡುವವರು, ಕೊಳ್ಳುವವರು ಬಟ್ಟೆಯ ಮರೆಯಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ದರ ತಿಳಿಸಬೇಕು. ಪಕ್ಕದಲ್ಲಿ ನಿಂತವರಿಗೂ ಗೊತ್ತಾಗಬಾರದು. ಬಿಬಿಜಾನ ದನಿಯೇರಿಸಲಿಲ್ಲ.

"ವಸ್ತ್ರದ ಕೆಳಗ ಇಬ್ಬರ ಕೈ ಇರ್ತಾವು, ನುಜಹತ. ಇಲ್ಲಿ ನಿಂದೂ ಒಂದ ಐತಲ್ಲ."

ನುಜಹತಳಿಗೆ ನಾಚಿಕೆಯಾಯಿತು. ಫೈಲು ತೆರೆದು ಆ ಒಂದು ನಿಯಮವನ್ನು ಅಳಿಸಿದಳು. ತಾನಾಗಿದ್ದರೆ ಇದಕ್ಕೆ ಎಷ್ಟು ಪುಟ ತಡಕಾಡಬೇಕಿತ್ತು ಎಂದು ಶರಣು ಮನಸ್ಸಿನಲ್ಲೇ ಗುಣಿಸಿ ನೋಡಿ ತಲೆ ಕೆರೆದುಕೊಂಡ.

"ಆತ್ ಬಿಡವಾ, ನಿಂದ ಇರ್ಲಿ," ಎಂದ.

ನುಜಹತ ಬಿಬಿಜಾನರ ದರದ ಪುಟವನ್ನು ಮತ್ತೆ ತೆರೆದಳು. ತಾನೇ ಹೆತ್ತು ಸಾಕಿದ ಫಂಕ್ಷನ್ನು ಯಾವ ದಾಕ್ಷಿಣ್ಯವೂ ಇಲ್ಲದೆ ಅವಳ ಮುಖಕ್ಕೇ ಹೇಳಿತು: ನಿಮಗೆ ಅನುಮತಿ ಇಲ್ಲ. ಅದನ್ನು ಬಿಬಿಜಾನರಿಗೆ ಗಟ್ಟಿಯಾಗಿ ಓದಿ ಹೇಳಿ ಅವರಿಂದ ಹೂಂ ಅನ್ನಿಸಿಕೊಳ್ಳುವಾಗ ಅವಳು ಹಿರಿಹಿರಿ ಹಿಗ್ಗಿದಳು.