ಮೂರನೇ ಪಾಠದಲ್ಲಿ ನಿಲ್ಲುವ ಕಾರು

ಊರಿಗೆಲ್ಲ ಅವಳು ಡ್ರೈವಿಂಗ್ ಮೇಡಂ. ಪುಟ್ಟಿ ಎಂದು ಕರೆಯುವವನು ಈಗ ಉಳಿದಿರುವುದು ಅಣ್ಣನೊಬ್ಬನೇ. ಅವಳಿಗೆ ಐವತ್ತಾರು ತುಂಬಿ ಮಂಡಿ ಚಿಪ್ಪು ಮಾತಾಡಲು ಶುರು ಮಾಡಿದ್ದರೂ ಅವನ ಬಾಯಲ್ಲಿ ಅವಳು ಪುಟ್ಟಿಯೇ.

ಅವಳ ಡೀಸೆಲ್ ಕಾರಿಗೆ ಇಪ್ಪತ್ತೆರಡು ವರ್ಷ. ಮೀಟರಿನಲ್ಲಿ ನಾಲ್ಕು ಲಕ್ಷ ಹನ್ನೊಂದು ಸಾವಿರ ಕಿಲೋಮೀಟರ್. ಅಷ್ಟರಲ್ಲಿ ಭೂಮಿಯನ್ನೇ ಹತ್ತು ಸುತ್ತು ಹಾಕಬಹುದಿತ್ತು ಎಂದು ಯಾರೋ ಶಿಷ್ಯ ಲೆಕ್ಕ ಹಾಕಿ ಹೇಳಿದ್ದ. ಆದರೆ ಆ ಕಾರು ಸುತ್ತಿದ್ದು ಅಂಚೆ ಕಚೇರಿಯ ತಿರುವು, ಹಿಟ್ಟಿನ ಗಿರಣಿಯ ಹಿಂದಿನ ಏರು, ಆಟದ ಮೈದಾನದ ಬದಿಯ ರಸ್ತೆ, ಇಷ್ಟನ್ನೇ. ಅವಳು ಕೂತಿದ್ದೂ ಪಕ್ಕದ ಸೀಟಿನಲ್ಲೇ. ಆ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಎದುರಿನ ದಾರಿಯನ್ನು ಒಂದು ಕಣ್ಣಿನಲ್ಲಿ, ಶಿಷ್ಯರ ಕೈಕಾಲನ್ನು ಇನ್ನೊಂದು ಕಣ್ಣಿನಲ್ಲಿ ನೋಡುತ್ತ ಇಪ್ಪತ್ತೆರಡು ವರ್ಷ ಹೇಗೆ ಹೋಯಿತೋ ಅವಳಿಗೇ ತಿಳಿಯದು.

ಮೂರು ತಿಂಗಳಿಂದ ಕಾರು ನಡುದಾರಿಯಲ್ಲಿ ನಿಲ್ಲತೊಡಗಿತ್ತು. ಎರಡು ಸಲ ಜಗ್ಗಿ, ಮೂರನೇ ಸಲಕ್ಕೆ ಉಸಿರು ನಿಲ್ಲಿಸಿಬಿಡುತ್ತಿತ್ತು. ಕ್ಲಚ್ಚನ್ನು ಗಬಕ್ಕನೆ ಬಿಟ್ಟರೂ ಹೆಚ್ಚೂಕಡಿಮೆ ಹೀಗೇ ಆಗುವುದರಿಂದ ಪುಟ್ಟಿ ಮೊದಮೊದಲು ಶಿಷ್ಯರನ್ನೇ ಗದರುತ್ತಿದ್ದಳು. ದಿನಕ್ಕೆ ಬೆಳಿಗ್ಗೆ ಮೂರು ಪಾಠ, ಒಂದರ ಬೆನ್ನಿಗೆ ಒಂದು, ಎಂಜಿನ್ ಆರಿಸುವುದೇ ಇಲ್ಲ. ಮೊದಲ ಪಾಠದವರು ಒಮ್ಮೆಯೂ ಕಾರು ನಿಲ್ಲಿಸಲಿಲ್ಲ. ಮೂರನೇ ಪಾಠಕ್ಕೆ ಒಬ್ಬರಾದ ಮೇಲೊಬ್ಬರಂತೆ ಬಂದ ನಾಲ್ವರೂ ವಾರಕ್ಕೆರಡು ಸಲ ನಿಲ್ಲಿಸಿದರು. ಮೊದಲಿನವರು ಜಾಣರು, ಕೊನೆಯವರು ದಡ್ಡರು ಎಂದು ಅವಳು ಮನಸ್ಸಿನಲ್ಲೇ ತೀರ್ಪು ಬರೆದಿಟ್ಟಿದ್ದಳು.

ಆ ನಾಲ್ವರಲ್ಲಿ ಕೊನೆಯವಳು ಇಸ್ತ್ರಿ ಅಂಗಡಿಯ ಹೆಂಗಸು. ಮಾತು ಕಡಿಮೆ, ಕಲಿಯುವ ಹುಮ್ಮಸ್ಸು ಬಹಳ. ಹನ್ನೊಂದನೇ ದಿನ ಗಿರಣಿಯ ಏರಿನ ನಡುವೆ ಕಾರು ನಿಂತಿತು. ಹಿಂದೆ ಒಂದು ಲಾರಿ, ಅದರ ಹಿಂದೆ ಇನ್ನೆರಡು. ಹಾರ್ನುಗಳು ಕಿವಿ ಹರಿಯುವಂತೆ ಕೂಗಿದವು.

"ಎಷ್ಟು ಸಲ ಹೇಳೋದ್ರೀ? ಕ್ಲಚ್ಚು ಬಿಡಬೇಡಿ, ಬಿಡಬೇಡಿ ಅಂತ!" ಪುಟ್ಟಿಯ ದನಿ ಹಾರ್ನಿಗಿಂತ ಮೇಲೆ ಹೋಗಿತ್ತು.

ಹೆಂಗಸು ಕನ್ನಡಿಯಲ್ಲಿ ಲಾರಿಯನ್ನು ನೋಡುತ್ತ ಮತ್ತೆ ಮತ್ತೆ ಕೀಲಿ ತಿರುಗಿಸಿದಳು. ಕಾರು ಮತ್ತೆ ಹೊರಟ ಮೇಲೆ ಅಂಗಡಿಯ ಮುಂದೆ ಇಳಿದು, ಬಾಗಿಲನ್ನು ಮೆತ್ತಗೆ ಹಾಕಿ ಹೋದವಳು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಯಾವುದಕ್ಕೂ ಒಮ್ಮೆ ತೋರಿಸಿಬಿಡೋಣವೆಂದು ಆ ವಾರವೇ ಪುಟ್ಟಿ ಕಾರನ್ನು ಅಣ್ಣನ ಶೆಡ್ಡಿಗೆ ಒಯ್ದಳು.

ಅಣ್ಣನನ್ನು ಊರಿನವರು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಮೂವತ್ತೈದು ವರ್ಷ ಎಂಜಿನ್ನುಗಳ ನಡುವೆ ಇದ್ದೂ ಕಿವಿ ಕಳೆದುಕೊಳ್ಳದ ಅಪರೂಪದ ಆಸಾಮಿ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಎರಡನೇ ಸಿಲಿಂಡರಿಗೆ ನೆಗಡಿ, ನಾಲ್ಕನೆಯದಕ್ಕೆ ಸೋಮಾರಿತನ ಎಂದು ಹೇಳಿಬಿಡುತ್ತಿದ್ದ. ಒಂದೇ ಕೊರತೆಯೆಂದರೆ ಅವನು ರಸ್ತೆಯಲ್ಲಿ ಕಾರು ಓಡಿಸುತ್ತಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಮ್ಮೆ ಓಡಿಸುತ್ತಿರುವಾಗ ಎಂಜಿನ್ನಿನೊಳಗೆ ಸಣ್ಣದೊಂದು ಟಿಕ್ ಟಿಕ್ ಕೇಳಿಸಿತಂತೆ. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಹೋದವನಿಗೆ, ಕಾಲಿಗೆ ತಣ್ಣಗಾದಾಗಲೇ ತಾನು ಕೆರೆಯಲ್ಲಿದ್ದೇನೆಂದು ತಿಳಿದದ್ದು. "ಅಷ್ಟು ಹೊತ್ತಿಗೆ ಸದ್ದು ಎಲ್ಲಿಂದ ಅಂತ ಗೊತ್ತಾಗಿತ್ತು," ಎಂದು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಅವನು ಡೀಸೆಲ್ ಫಿಲ್ಟರ್ ಬದಲಿಸಿದ. ರಬ್ಬರ್ ಪೈಪುಗಳನ್ನು ಬೆರಳಿನಿಂದ ಒತ್ತಿ, ಬಗ್ಗಿಸಿ, ಬಿರುಕು ಹುಡುಕಿದ. ಪಂಪು ನೋಡಿದ. ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಬಿಚ್ಚಿ ಹೊರಗೆ ಹಿಡಿದು ಅವು ಉಗುಳುವ ಮಂಜನ್ನು ಬೆಳಕಿನಲ್ಲಿ ಪರೀಕ್ಷಿಸಿದ. ಎರಡು ಗಂಟೆ ಎಂಜಿನ್ ಓಡಿಸಿಟ್ಟು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ. ಕಾರು ಮಗುವಿನಂತೆ ಗೊರಗೊರ ಎನ್ನುತ್ತಿತ್ತೇ ಹೊರತು ನಿಲ್ಲುವ ಸುಳಿವೇ ಇರಲಿಲ್ಲ.

"ನನ್ನ ಮುಂದೆ ಒಳ್ಳೆಯವಳ ಥರ ನಟಿಸ್ತಿದೆ ಕಣೇ ಇದು," ಎಂದ ತಲೆ ಕೆರೆದುಕೊಂಡು. "ರಸ್ತೆಗೆ ಕರ್ಕೊಂಡು ಹೋಗಬೇಕು. ದೂರ. ಒಂದೇ ಸಮ."

"ಯಾರು ಓಡಿಸೋರು?"

"ನಾನಂತೂ ಅಲ್ಲ. ಕೆರೆಗಳು ಎಲ್ಲೆಲ್ಲಿವೆ ಅಂತ ನಂಗೆ ಗೊತ್ತಿಲ್ಲ."

ಹಾಗೆ ಒಂದು ರಜೆಯ ಬೆಳಿಗ್ಗೆ ಪುಟ್ಟಿ ಚಾಲಕರ ಸೀಟಿನಲ್ಲಿ ಕೂತಳು. ಟ್ಯಾಂಕು ತುಂಬಿಸಿಯಾಗಿತ್ತು. ಸೀಟು ಯಾರೋ ಉದ್ದ ಕಾಲಿನವರಿಗೆ ಹೊಂದಿಕೊಂಡಿತ್ತು, ಅವಳು ಮುಂದಕ್ಕೆ ಎಳೆದುಕೊಂಡಳು. ಸ್ಟೇರಿಂಗು ಅವಳ ಕೈಗೆ ಹೊಸದಾಗಿ ಕಂಡಿತು. ಎಷ್ಟೋ ಅಂಗೈಗಳು ಬೆವರಿ, ಹಿಡಿದು, ಉಜ್ಜಿ, ಅದರ ಮೇಲ್ಮೈ ನದಿಯ ಕಲ್ಲಿನಷ್ಟು ನುಣುಪಾಗಿತ್ತು. ಪಕ್ಕದಲ್ಲಿ ಅಣ್ಣ ಎರಡು ಪೆಡಲುಗಳಿಗೂ ತಾಕದಂತೆ ಕಾಲು ಮಡಚಿ, ಕಣ್ಣು ಮುಚ್ಚಿ ಕೂತ.

ಊರು ಹಿಂದಾಯಿತು. ಇಕ್ಕೆಲದಲ್ಲಿ ಸೂರ್ಯಕಾಂತಿ ಹೊಲ, ಮೇಲೆ ಹತ್ತಿ ಹಿಂಜಿದಂಥ ಮೋಡ. ಕನ್ನಡಿ ನೋಡಿ, ಗೇರು ಬದಲಿಸಿ, ನಿಧಾನ ಎಂದು ಯಾರಿಗೂ ಹೇಳಬೇಕಿರಲಿಲ್ಲ. ಹೇಳುವವರಿಲ್ಲದ, ಕೇಳುವವರಿಲ್ಲದ ಈ ಮೌನಕ್ಕೆ ಏನು ಮಾಡಬೇಕೆಂದು ಅವಳಿಗೆ ಮೊದಲು ತೋಚಲಿಲ್ಲ. ಆಮೇಲೆ ದಾರಿ ತಾನಾಗಿಯೇ ಬಂದು ಚಕ್ರದ ಅಡಿಗೆ ಸೇರಿಕೊಳ್ಳುತ್ತಿರುವಂತೆ, ತಾನು ಸುಮ್ಮನೆ ಕೂತಿರುವಂತೆ ಅನ್ನಿಸತೊಡಗಿತು. ಡೀಸೆಲ್ಲಿನ ಡುಗುಡುಗು ಅಂಗಾಲಿನಿಂದ ಹತ್ತಿ ಬೆನ್ನಿಗೆ, ಬೆನ್ನಿನಿಂದ ಭುಜಕ್ಕೆ ಬಂದು ನಿಂತಿತು.

ಇಪ್ಪತ್ತೆಂಟನೇ ನಿಮಿಷಕ್ಕೆ ಕಾರು ಜಗ್ಗಿತು. ಮತ್ತೆ ಜಗ್ಗಿತು. ಆಮೇಲೆ ಗಾಳಿಯ ಸದ್ದು ಮಾತ್ರ ಉಳಿಯಿತು.

ಮರದ ದಿಮ್ಮಿಗಳನ್ನು ಒಟ್ಟಿದ್ದ ಅಂಗಳವೊಂದರ ಮುಂದೆ ಅವಳು ಬದಿಗೆ ಸರಿಸಿ ನಿಲ್ಲಿಸಿದಳು. ಅಣ್ಣ ಕಣ್ಣು ಬಿಟ್ಟವನೇ, ಮದುವೆ ಮನೆಗೆ ಕರೆ ಬಂದವನ ಸಂಭ್ರಮದಲ್ಲಿ ಇಳಿದು ಬಾನೆಟ್ ಎತ್ತಿದ.

"ಬಾ, ಬಾ, ನೋಡಿಲ್ಲಿ!"

ಫಿಲ್ಟರಿನ ಹತ್ತಿರ ಡೀಸೆಲ್ ಎಳೆಯುವ ಕೈಪಂಪಿನ ರಬ್ಬರ್ ಉಂಡೆ ಇತ್ತು. ಅದು ಹಲ್ಲಿಲ್ಲದ ಅಜ್ಜಿಯ ಕೆನ್ನೆಯ ಹಾಗೆ ಒಳಕ್ಕೆ ಚಪ್ಪಟೆಯಾಗಿ ಕೂತಿತ್ತು.

"ಎಂಜಿನ್ ಎಳೀತಿದೆ, ಹಿಂದಿನಿಂದ ಡೀಸೆಲ್ ಬರ್ತಿಲ್ಲ. ಟ್ಯಾಂಕಿನ ಒಳಗೆ ಜರಡಿ ಕಟ್ಕೊಂಡಿರಬೇಕು. ಟ್ಯಾಂಕು ಇಳಿಸಬೇಕಾಗುತ್ತೆ."

ಅವರು ನೋಡುತ್ತಿದ್ದಂತೆಯೇ ಉಂಡೆ ನಿಧಾನವಾಗಿ, ಯಾರೋ ಒಳಗಿನಿಂದ ಊದುತ್ತಿರುವಂತೆ ತುಂಬಿಕೊಂಡಿತು. ಹತ್ತು ನಿಮಿಷಕ್ಕೆ ದುಂಡಗಾಯಿತು. ಪುಟ್ಟಿ ಕೀಲಿ ತಿರುಗಿಸಿದಳು. ಏನೂ ಆಗಿಲ್ಲವೆಂಬಂತೆ ಕಾರು ಹೊರಟಿತು.

ಎರಡನೇ ಸಲ ನಿಂತದ್ದು ಕಾಲುವೆಯ ಪಕ್ಕ. ಈ ಸಲ ಅವಳು ಆ ಜಗ್ಗನ್ನು ತನ್ನ ಮೈಯಲ್ಲೇ ಗುರುತಿಸಿದಳು. ಎಡವಿದಂತೆ ಒಂದು, ತಡವರಿಸಿದಂತೆ ಇನ್ನೊಂದು. ಗಿರಣಿಯ ಏರಿನಲ್ಲಿ ಆದದ್ದು ಇದೇ. ಚೂರೂ ವ್ಯತ್ಯಾಸವಿಲ್ಲ. ಅವಳ ಕಾಲು ಕ್ಲಚ್ಚಿನ ಹತ್ತಿರ ಸುಳಿದಿರಲೂ ಇಲ್ಲ.

ಅಣ್ಣ ಬಾನೆಟ್ಟಿನ ಕೆಳಗೆ ಮಾಯವಾದ. ಅವಳು ಕಾಲುವೆಯ ಕಟ್ಟೆಯ ಮೇಲೆ ನಿಂತು ಫೋನು ತೆಗೆದಳು. ಹನ್ನೊಂದನೇ ದಿನಕ್ಕೆ ಬಿಟ್ಟುಹೋದವಳ ಹೆಸರು ಹುಡುಕಿ ಒತ್ತಿದಳು.

"ನಾನ್ರೀ, ಡ್ರೈವಿಂಗ್ ಮೇಡಂ."

ಆ ಕಡೆ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟ ಸದ್ದಾಯಿತು. "ಹೇಳಿ ಮೇಡಂ."

"ಆ ದಿನ ಏರಿನಲ್ಲಿ ಕಾರು ನಿಂತಿತಲ್ಲ, ಅದು ನಿಮ್ಮಿಂದ ಆಗಿದ್ದಲ್ಲ. ಕಾರಿಗೇ ಏನೋ ಆಗಿದೆ. ಈಗ ನಾನು ಓಡಿಸುವಾಗ್ಲೂ ಹಂಗೇ ನಿಂತೋಯ್ತು. ಸುಮ್ನೆ ನಿಮ್ಮ ಮೇಲೆ ಕೂಗಾಡಿಬಿಟ್ಟೆ. ತಪ್ಪಾಯ್ತು."



"ನಂಗೆ ಗೊತ್ತಿತ್ತು ಮೇಡಂ. ನನ್ನ ಕಾಲು ಎಲ್ಲಿತ್ತು ಅಂತ ನಂಗೆ ಗೊತ್ತಿರಲ್ವಾ?"

"ಹಂಗಿದ್ರೆ ಆವತ್ತೇ ಹೇಳಬಾರದಿತ್ತಾ?"

"ನೀವು ಇಪ್ಪತ್ತೆರಡು ವರ್ಷದಿಂದ ಕಲಿಸ್ತಿರೋರು. ನಾನು ಹನ್ನೊಂದು ದಿನದಿಂದ ಕಲೀತಿದ್ದೋಳು. ಹೇಳಿದ್ರೆ ಕೇಳ್ತಿದ್ರಾ?"

ಪುಟ್ಟಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಲ್ಲ," ಎಂದಳು. ಆಮೇಲೆ, "ವಾಪಸ್ ಬನ್ನಿ. ಉಳಿದ ಪಾಠ ಮುಗಿಸಿಕೊಡ್ತೀನಿ."

"ಬೇರೆ ಕಡೆ ಸೇರ್ಕೊಂಡೆ ಮೇಡಂ."

"ಹೌದಾ. ಅಲ್ಲಿ ಚೆನ್ನಾಗಿ ಹೇಳ್ಕೊಡ್ತಾರಾ?"

"ನಿಮ್ಮಷ್ಟು ಚೆನ್ನಾಗಿ ಅಲ್ಲ," ಎಂದಳು ಹೆಂಗಸು. "ಆದ್ರೆ ಕೂಗಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಪುಟ್ಟಿಗೆ. ಫೋನು ಕೈಯಲ್ಲೇ ಹಿಡಿದುಕೊಂಡು ಅವಳು ಕಾರಿನ ಹಿಂಬದಿಗೆ ಬಂದು, ಬಂಪರಿಗೆ ಒರಗಿ ನೆಲದ ಮೇಲೆ ಕೂತಳು. ಕಾಲುವೆಯಲ್ಲಿ ನೀರು ಹರಿಯುತ್ತಿದೆಯೋ ನಿಂತಿದೆಯೋ ಹೇಳುವಂತಿರಲಿಲ್ಲ. ನಾಲ್ಕು ಬಾತುಕೋಳಿಗಳು ತಲೆ ಕೆಳಗೆ ಮಾಡಿ ಏನನ್ನೋ ಹುಡುಕುತ್ತಿದ್ದವು. ಬಿಸಿಲು ನೀರಿಗೆ ಬಿದ್ದು, ಅಲ್ಲಿಂದ ಎದ್ದು, ಕಾರಿನ ಹಳೆಯ ಬಣ್ಣದ ಮೇಲೆ ಬಲೆಬಲೆಯಾಗಿ ಆಡುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಯಾರಿಗೂ ಏನನ್ನೂ ಹೇಳದೆ, ಯಾವುದನ್ನೂ ತಿದ್ದದೆ ಇಷ್ಟು ಹೊತ್ತು ಕೂತು ಯಾವ ಕಾಲವಾಗಿತ್ತು!

ಆಗ ಅವಳಿಗೆ ಆ ಸದ್ದು ಕೇಳಿಸಿತು.

ಸದ್ದು ಎನ್ನುವಷ್ಟೂ ದೊಡ್ಡದಲ್ಲ. ತುಂಬ ದೂರದಲ್ಲಿ ಯಾರೋ ಬಿಸಿ ಹಾಲನ್ನು ತುಟಿಯಂಚಿನಲ್ಲಿ ಹೀರುತ್ತಿರುವಂತೆ, ಸಣ್ಣಗೆ, ಎಡೆಬಿಡದೆ. ಅವಳು ಉಸಿರು ಬಿಗಿಹಿಡಿದು ತಲೆ ತಿರುಗಿಸಿದಳು. ಡೀಸೆಲ್ ತುಂಬಿಸುವ ಮುಚ್ಚಳದ ಕಡೆಯಿಂದ ಬರುತ್ತಿತ್ತು.

"ಅಣ್ಣ, ಎಂಜಿನ್ ಬಿಟ್ಟು ಇಲ್ಲಿ ಬಾ. ಸದ್ದು ಮಾಡ್ಬೇಡ."

ಕಿವಿ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ. ಮುಚ್ಚಳದ ಮೇಲೆ ಕಿವಿ ಇಟ್ಟ. ಅವನ ಮುಖದ ಗೆರೆಗಳೆಲ್ಲ ಒಂದೊಂದಾಗಿ ಸಡಿಲಾದವು.

"ಅಯ್ಯೋ ನನ್ನ ಬುದ್ಧಿಗಿಷ್ಟು," ಎಂದು ಪಿಸುಗುಟ್ಟಿ ಮುಚ್ಚಳ ತಿರುವಿದ.

ಹುಶ್ಶ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವರು ಮೇಲೆ ಬಂದು ಎಳೆದುಕೊಳ್ಳುವ ಉಸಿರಿನಷ್ಟು ಉದ್ದ. ಬಾತುಕೋಳಿಯೊಂದು ತಲೆ ಎತ್ತಿ ನೋಡಿತು.

"ಜರಡಿಯೂ ಇಲ್ಲ, ಏನೂ ಇಲ್ಲ. ಟ್ಯಾಂಕಿಗೆ ಉಸಿರು ಕಟ್ಟಿದೆ ಪುಟ್ಟಿ. ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ರೆ? ಬಾಟಲಿಗೆ ಬಾಯಿ ಬಿಗಿಯಾಗಿಟ್ಟು ಒಂದೇ ಸಮ ಹೀರಿದ್ರೆ ಏನಾಗುತ್ತೆ? ಒಂದು ಹೊತ್ತಿಗೆ ಬರೋದೇ ನಿಲ್ಲುತ್ತೆ. ನನ್ನ ಶೆಡ್ಡಿನಲ್ಲಿ ಸುಮ್ನೆ ನಿಂತು ಕುಡಿಯೋದು ಎಷ್ಟು? ಈ ಸಣ್ಣ ಸಂದಿಯಿಂದ ಬರೋ ಗಾಳೀನೇ ಸಾಕಾಗ್ತಿತ್ತು."

"ಮೂರನೇ ಪಾಠದ ಹೊತ್ತಿಗೆ ಸಾಕಾಗ್ತಿರಲಿಲ್ಲ," ಎಂದಳು ಪುಟ್ಟಿ.

ಅಣ್ಣ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಅಡಿಗೆ ಸರಿದ. ಟ್ಯಾಂಕಿನಿಂದ ಬರುವ, ಗಾಳಿಯಾಡಲೆಂದೇ ಇರುವ ಸಣ್ಣ ಪೈಪಿನ ತುದಿ ಹುಡುಕಿ ತಂತಿಯಿಂದ ಕೆದಕಿದ. ಒಣಮಣ್ಣು ಪುಡಿಪುಡಿಯಾಗಿ ಅವನ ಗಲ್ಲದ ಮೇಲೆ ಉದುರಿತು. ಕಣಜದ ಹುಳವೊಂದು ಪೈಪಿನ ಬಾಯಿಯಲ್ಲಿ ಮಣ್ಣಿನ ಗೂಡು ಕಟ್ಟಿತ್ತು. ಹೆಬ್ಬೆರಳಿನ ಉಗುರಿನಷ್ಟು ಗೂಡು, ಒಳಗೋಡೆ ಚೀನಿ ಬಟ್ಟಲಿನ ಹಾಗೆ ನಯ. ಮರಿ ಯಾವಾಗಲೋ ಹಾರಿಹೋಗಿ, ಬರಿಯ ಹೊಟ್ಟು ಉಳಿದಿತ್ತು. ಪುಟ್ಟಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ನಾಲ್ಕು ಜನ ಶಿಷ್ಯರನ್ನು ದಡ್ಡರೆನಿಸಿದ್ದು ಇಷ್ಟೇ ಇಷ್ಟು ಮಣ್ಣು. ಮಣ್ಣನ್ನು ದೂರಿ ಪ್ರಯೋಜನವಿಲ್ಲ, ಕೂಗಿದ್ದು ಕಣಜವಲ್ಲವಲ್ಲ ಎಂದೂ ಅನ್ನಿಸಿತು. ಉಳಿದ ಮೂವರ ಮನೆಗೂ ಹೋಗಿ ಹೇಳಬೇಕು. ಫೋನಿನಲ್ಲಲ್ಲ, ಎದುರು ಕೂತು.

"ಇನ್ನೊಂದು ಗಂಟೆ ಓಡಿಸಿ ನೋಡೋಣ," ಎಂದ ಅಣ್ಣ ಬೆನ್ನಿನ ಧೂಳು ಕೊಡವಿಕೊಂಡು. "ನಿಲ್ಲದಿದ್ರೆ ವಾಸಿಯಾದಂಗೆ."

ಇಪ್ಪತ್ತೆಂಟು ನಿಮಿಷ ಕಳೆಯಿತು. ನಲವತ್ತು ಕಳೆಯಿತು. ಎಂಜಿನ್ನಿನ ಸದ್ದು ಎಲ್ಲೂ ಹರಿಯದ ನೂಲಿನಂತೆ ಬಿಚ್ಚಿಕೊಳ್ಳುತ್ತ ಹೋಯಿತು. ಹೊಲಗಳು ಮುಗಿದು ಜೊಂಡು ಬಂತು, ಜೊಂಡಿನ ಮೇಲೆ ಬಿಳಿ ಹಕ್ಕಿಗಳು ಬಂದವು. ಎಲ್ಲಿದ್ದೇವೆಂದು ಪುಟ್ಟಿಗೆ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ. ಪಕ್ಕದಲ್ಲಿ ಅಣ್ಣನ ತಲೆ ಕಿಟಕಿಗೆ ವಾಲಿತ್ತು, ಬಾಯಿ ಅರ್ಧ ತೆರೆದಿತ್ತು. ಓಡುವ ಕಾರಿನಲ್ಲಿ ಅವನು ನಿದ್ದೆ ಮಾಡಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ರಸ್ತೆ ಇಳಿಜಾರಾಗಿ ಒಂದು ಅಗಲವಾದ ಹೊಳೆಯ ಅಂಚಿಗೆ ಬಂದು ಮುಗಿದುಹೋಯಿತು. ಅಲ್ಲಿ ಗಾಡಿಗಳನ್ನು ದಾಟಿಸುವ ಚಪ್ಪಟೆ ದೋಣಿಯೊಂದು ಹಲಗೆ ಚಾಚಿ ನಿಂತಿತ್ತು. ಇವರು ದಾಟುವವರೇ ಎಂದುಕೊಂಡ ದೋಣಿಯವನು ಬನ್ನಿ ಬನ್ನಿ ಎಂದು ಕೈ ಬೀಸಿದ. ಅಲ್ಲ, ವಾಪಸ್ ಹೋಗೋರು ಎಂದು ಹೇಳಲು ಪುಟ್ಟಿ ಕಿಟಕಿ ಇಳಿಸಿದಳು. ನೀರಿನ ವಾಸನೆ ಒಳಗೆ ಬಂತು. ಹೇಳಬೇಕೆಂದಿದ್ದುದನ್ನು ಹೇಳದೆ ಅವಳು ಮೊದಲ ಗೇರಿಗೆ ಹಾಕಿ, ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತ, ಹಲಗೆಯ ಮೇಲೆ ಚಕ್ರ ಹತ್ತಿಸಿದಳು.

"ಎಂಜಿನ್ ಆಫ್ ಮಾಡಿ ಅಮ್ಮಾ," ಎಂದ ದೋಣಿಯವನು.

ಅವಳು ಕೀಲಿ ತಿರುಗಿಸಿದಳು. ಸದ್ದು ನಿಂತದ್ದಕ್ಕೆ ಅಣ್ಣ ಬೆಚ್ಚಿ ಎದ್ದ.

"ಮತ್ತೆ ನಿಂತೋಯ್ತಾ?"

"ನಾನೇ ನಿಲ್ಲಿಸಿದ್ದು, ಮಲಕ್ಕೋ."

ಅವನು ಕಿಟಕಿಯಾಚೆ ನೋಡಿದ. ಎರಡೂ ಕಡೆ ನೀರು. ಕಾಲನ್ನು ಸರಕ್ಕನೆ ಸೀಟಿನ ಮೇಲೆ ಎಳೆದುಕೊಂಡ. ಪುಟ್ಟಿ ನಕ್ಕು ನಕ್ಕು ಸ್ಟೇರಿಂಗಿಗೆ ಹಣೆ ಹಚ್ಚಿದಳು. ದೋಣಿ ದಡ ಬಿಟ್ಟಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.